ಎಕ್ಸ್‌ಚೇಂಜ್ ಅಕ್ಕನ ‘ಗೊತ್ತಿಲ್ಲ’

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಬಡಾವಣೆಯ ಮೊಬೈಲ್ ಗುಂಪಿನಲ್ಲಿ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನೋಡಿದರೆ ಸಾಲುಸಾಲು ಕೈಮುಗಿದ ಚಿತ್ರಗಳು, ಓಂ ಶಾಂತಿಗಳು. ಮೊದಲ ಸಂದೇಶದಲ್ಲಿ ‘ನಮ್ಮ ಹಿರಿಯ ನಿವಾಸಿ’ ಎಂದಷ್ಟೇ ಇದ್ದವರು ನಾನು ಕಾಫಿ ಮುಗಿಸುವಷ್ಟರಲ್ಲಿ ‘ನಿವೃತ್ತ ಮುಖ್ಯೋಪಾಧ್ಯಾಯಿನಿ’ ಆಗಿದ್ದರು. ಸ್ನಾನ ಮುಗಿಸಿ ಬರುವ ಹೊತ್ತಿಗೆ ‘ಪ್ರಶಸ್ತಿ ಪುರಸ್ಕೃತ ಶಿಕ್ಷಕಿ’. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಜೀವಮಾನವೆಲ್ಲ ಚಾಕ್‌ಪೀಸಿನ ಧೂಳು ಕುಡಿದವಳು ನಾನು. ಅವರು ಒಂದು ದಿನವೂ ಪಾಠ ಮಾಡಿದವರಲ್ಲ.

ಗುಂಪಿನಲ್ಲಿ ಕೈಮುಗಿಯುವ ಮೊದಲು ಅವರ ಮನೆಗೆ ಫೋನ್ ಮಾಡಿದೆ. ಹಾಗೆ ಮಾಡಬೇಕು ಅಂತ ಅವರಿಂದಲೇ ಕಲಿತದ್ದು. ಅವರ ಯಜಮಾನರು ಎತ್ತಿದರು. "ಹೌದು ಟೀಚರೇ. ಬೆಳಗಿನ ಜಾವ ಹೋದ್ಳು. ನಾನು ಪಕ್ಕದಲ್ಲೇ ಕೂತಿದ್ದೆ," ಅಂದರು. ಆಗ ನಂಬಿದೆ. ಆಮೇಲೆ ಅಳು ಬಂತು.

ಗುಂಪಿನಲ್ಲಿ ಹರಿದಾಡಿದ ಆ ಪ್ರಶಸ್ತಿ ಪುರಸ್ಕೃತ ಶಿಕ್ಷಕಿ ಯಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದವರ ಬಗ್ಗೆ ನಾಲ್ಕು ಮಾತು ಬರೆದಿಡೋಣ ಎಂದು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಇದೂ ಯಾರ ಮೊಬೈಲಿನಿಂದ ಯಾರ ಮೊಬೈಲಿಗೋ ಹಾರಿ, ಸಂಜೆಯ ಹೊತ್ತಿಗೆ ಅವರು ಇನ್ನೇನು ಆಗಿರುತ್ತಾರೋ.

ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ, ಫೋನಿನ ಪಕ್ಕದಲ್ಲಿ ತಾಸುಗಟ್ಟಲೆ ಕಾದು ಕೂರುತ್ತಿದ್ದ ಕಾಲವನ್ನು ಕಂಡವರಿಗೆ ಆ ಕೆಲಸ ಏನೆಂದು ಗೊತ್ತಿರುತ್ತದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಈ ಊರಿನ ಧ್ವನಿಯನ್ನು ಆ ಊರಿನ ಕಿವಿಗೆ ಜೋಡಿಸುತ್ತಿದ್ದವರು. ತವರು ಮೈಸೂರಿನ ಚಾಮರಾಜಪುರಂ, ತಂದೆಯವರದು ಸಂತೇಪೇಟೆಯಲ್ಲಿ ಸಣ್ಣ ಜವಳಿ ಅಂಗಡಿ. ಹಣೆಯ ಮೇಲೆ ವಿಭೂತಿ, ಅದರ ನಡುವೆ ಪುಟ್ಟ ಕುಂಕುಮ, ಗಂಜಿ ಹಾಕಿದ ಹತ್ತಿ ಸೀರೆ. ತೊಂಬತ್ತರ ದಶಕದ ಮೊದಲಲ್ಲಿ ಶ್ರೀರಾಂಪುರದ ಕಡೆ ಗೃಹ ನಿರ್ಮಾಣ ಸಂಘವೊಂದು ಸೈಟು ಹಂಚಿದಾಗ ನಾವೂ ಅವರೂ ಎದುರುಬದುರು ಮನೆ ಕಟ್ಟಿಕೊಂಡೆವು. ಅರ್ಧ ಸೈಟುಗಳಲ್ಲಿ ಪಾರ್ಥೇನಿಯಂ, ಉಳಿದರ್ಧದಲ್ಲಿ ಜಲ್ಲಿ ಮರಳಿನ ರಾಶಿ. ಇಡೀ ಬೀದಿಗೆ ಫೋನ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಹಾಗಾಗಿ ಅವರು ಎಲ್ಲರಿಗೂ ಎಕ್ಸ್‌ಚೇಂಜ್ ಅಕ್ಕ. ಅವರಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಕೆಲಸದ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಆಪರೇಟರುಗಳು ಕೇಳಿದ್ದನ್ನು ಒಮ್ಮೆ ತಿರುಗಿ ಒಪ್ಪಿಸಿ, ಸರಿಯೇ ಎಂದು ಕೇಳಿ, ಆಮೇಲೆ ಲೈನ್ ಜೋಡಿಸಬೇಕಂತೆ. ಇವರು ಕಾಫಿಗೂ ಹಾಗೇ ಮಾಡುತ್ತಿದ್ದರು. "ಅರ್ಧ ಲೋಟ ಕಾಫಿ, ಸಕ್ಕರೆ ಕಮ್ಮಿ, ಸರಿನಾ?" ಎಂದು ನಮ್ಮ ಬಾಯಿಂದ ‘ಸರಿ’ ಅನ್ನಿಸಿಯೇ ಒಳಗೆ ಹೋಗುವರು. ತರಕಾರಿಯವನು ಗಾಡಿ ನಿಲ್ಲಿಸಿದರೆ, "ಬೀನ್ಸು ನಾಳೆ ತರ್ತೀಯ, ನುಗ್ಗೆಕಾಯಿ ಇಲ್ಲ, ಸರಿನಾ?" ಅವನೂ ಅಭ್ಯಾಸವಾಗಿ, "ಸರಿ ಕಣಕ್ಕ, ಸರಿ, ಲೈನ್ ಕೊಡಿ," ಎಂದು ರೇಗಿಸುತ್ತಿದ್ದ.

ಇನ್ನೊಂದು ಅಭ್ಯಾಸ ನಮ್ಮಂಥ ಬಾಯಿಬಡುಕರಿಗೆ ಬಿಸಿತುಪ್ಪ. ಏನೇ ಸುದ್ದಿ ಹೊತ್ತು ಹೋದರೂ ಮೊದಲ ಪ್ರಶ್ನೆ ಒಂದೇ: "ನೋಡಿದ್ರಾ, ಕೇಳಿದ್ರಾ?" ಕೇಳಿದ್ದು ಎಂದರೆ, "ಯಾರ ಬಾಯಿಂದ?" ಅವರ ಬಾಯಿಂದ ಎಂದರೆ, "ಅವರು ನೋಡಿದ್ರಾ, ಕೇಳಿದ್ರಾ?" ಅಷ್ಟು ಹೊತ್ತಿಗೆ ಸುದ್ದಿಯ ರುಚಿಯೇ ಹೋಗಿರುತ್ತಿತ್ತು.

ಒಮ್ಮೆ ಉಪ್ಪು ಸಿಗುವುದಿಲ್ಲವಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ನಾನು ಸುಮ್ಮನಿರುವವಳೇ? ಶಾಲೆಯಿಂದ ನೇರ ಅಂಗಡಿಗೆ ಹೋಗಿ ಒಂದು ಗೋಣಿ ಉಪ್ಪು ಆಟೋದಲ್ಲಿ ಹೇರಿಕೊಂಡು ಬಂದೆ. ಎದುರುಮನೆ ಗೇಟಿನಲ್ಲಿ ಇವರು ನಿಂತಿದ್ದರು.

"ಏನ್ ಟೀಚರೇ, ಮದುವೆಮನೇನಾ?"

"ಉಪ್ಪು ಸಿಗಲ್ವಂತೆ ಕಣ್ರೀ. ನೀವೂ ತಂದಿಟ್ಕೊಳ್ಳಿ."

"ಯಾಕೆ, ಸಮುದ್ರ ಬತ್ತೋಯ್ತಂತಾ?"

ಆ ಗೋಣಿ ನಮ್ಮ ಮನೆಯ ಉಗ್ರಾಣದಲ್ಲಿ ನೀರು ಬಿಟ್ಟುಕೊಂಡು, ಹೆಪ್ಪುಗಟ್ಟಿ, ನಾಲ್ಕಾರು ಬೇಸಿಗೆಯ ಮಾವಿನಕಾಯಿ ಉಪ್ಪಿನಕಾಯಿಗೆ ಆಗಿ ಬಂತು. ನಮ್ಮ ಮನೆಯವರು ಊಟಕ್ಕೆ ಕೂತಾಗಲೆಲ್ಲ, "ಸಮುದ್ರ ಬತ್ತೋದ್ರೂ ನಮಗೇನೂ ಭಯವಿಲ್ಲ," ಎಂದು ಚುಚ್ಚುತ್ತಿದ್ದರು. ದಸರೆಯಲ್ಲೂ ಒಮ್ಮೆ ಹೀಗೇ ಆಯಿತು. ಈ ಸಲ ಪಂಜಿನ ಕವಾಯತಿಗೆ ಪಾಸಿಲ್ಲದೆ ಬಿಡುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ನಂಬಿ, ಅಕ್ಕಪಕ್ಕದ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬನ್ನಿಮಂಟಪದವರೆಗೆ ಹೋಗಿ, ಗೇಟಿನ ಹೊರಗೆ ಕಡ್ಲೆಕಾಯಿ ತಿಂದು ವಾಪಸಾದೆ. ಬಿಡುತ್ತಾರೆ ಅಂತ ಹೇಳಿದ್ದು ಗೇಟಿನವನೇನ್ರೀ ಎಂದು ಇವರು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳುವವರ ಮೇಲೆ ಬರುವ ಸಿಟ್ಟು ಸುಳ್ಳು ಹೇಳಿದವರ ಮೇಲೆ ಬರುವುದಿಲ್ಲ. ಇದು ನನ್ನ ಅನುಭವ.

ಇಷ್ಟಾದರೂ, ಅಥವಾ ಇದರಿಂದಲೇ ಇರಬಹುದು, ಬೀದಿಯವರು ಯಾವುದನ್ನೂ ಅವರನ್ನು ಕೇಳದೆ ನಂಬುತ್ತಿರಲಿಲ್ಲ. ನಾಳೆ ಬಂದ್ ಇದೆಯಾ, ಪರೀಕ್ಷೆ ಮುಂದಕ್ಕೆ ಹೋಯಿತಾ, ಸೀಮೆಎಣ್ಣೆ ಬಂದಿದೆಯಾ? ಇವರು ಫೋನ್ ತಿರುಗಿಸಿ, ವಿಚಾರಿಸಿ, ಗೇಟಿನಲ್ಲಿ ನಿಂತು ಹೇಳುವರು. ಅವರು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಆ ಮಾತಿಗೆ ಡಾಕ್ಟರ ಚೀಟಿಯ ಬೆಲೆ ಇತ್ತು.

ನೀರಿನ ಪ್ರಸಂಗ ನಡೆದದ್ದು ಬಡಾವಣೆಗೆ ಬಂದ ಮೂರೋ ನಾಲ್ಕೋ ವರ್ಷದ ಮೇಲೆ. ಬಡಾವಣೆ ಇನ್ನೂ ನಗರಪಾಲಿಕೆಗೆ ಸೇರಿರಲಿಲ್ಲ. ಸಂಘದವರೇ ಬೋರ್‌ವೆಲ್ ಕೊರೆಸಿ, ಟ್ಯಾಂಕ್ ಕಟ್ಟಿಸಿ ನೀರು ಬಿಡುತ್ತಿದ್ದರು. ಒಂದು ಬೇಸಿಗೆ ನಲ್ಲಿಯ ನೀರು ಸ್ವಲ್ಪ ಮಂದವಾಗಿ, ಏನೋ ಒಂಥರಾ ವಾಸನೆ ಬರತೊಡಗಿತು. ಅಷ್ಟು ಸಾಕಾಯಿತು ನೋಡಿ. ಟ್ಯಾಂಕಿನಲ್ಲಿ ಕೋತಿ ಬಿದ್ದು ಸತ್ತಿದೆಯಂತೆ ಎಂದರು ಒಬ್ಬರು. ಕೋತಿಯಲ್ಲ, ಯಾರೋ ವಿಷ ಹಾಕಿದ್ದಾರಂತೆ ಎಂದರು ಇನ್ನೊಬ್ಬರು. ಒಳಚರಂಡಿ ನೀರು ಸೇರಿಕೊಂಡಿದೆಯಂತೆ ಎಂದರು ಮತ್ತೊಬ್ಬರು. ಬಾಯಿಗೊಂದು ಮಾತು. ಇವರು ಎಲ್ಲರನ್ನೂ ‘ನೋಡಿದ್ರಾ, ಕೇಳಿದ್ರಾ’ ಎಂದು ಕೇಳಿದರು. ನೋಡಿದವರು ಒಬ್ಬರೂ ಇರಲಿಲ್ಲ.

ಕೊನೆಗೆ ಸಂಘದ ಕಾರ್ಯದರ್ಶಿಗೇ ಫೋನ್ ಮಾಡಿದರು. ಕಾರ್ಯದರ್ಶಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಬಿಳಿ ಪಂಚೆ, ತೂಕದ ಮಾತು. ನಾನು ಪಕ್ಕದಲ್ಲೇ ಕೂತಿದ್ದೆ. "ನೀರಿನ ಪರೀಕ್ಷೆ ಆಗಿದೆ, ಏನೂ ದೋಷ ಇಲ್ಲ, ಎಲ್ಲರೂ ಕುಡಿಯಬಹುದು. ಸರಿಯಾ ಸಾರ್?" ಎಂದು ಇವರು ತಿರುಗಿ ಒಪ್ಪಿಸಿದರು. ಆ ಕಡೆಯಿಂದ ‘ಸರಿ’ ಎಂಬ ಗಂಭೀರ ಧ್ವನಿ ನನಗೂ ಕೇಳಿಸಿತು. ಇವರು ರಿಸೀವರ್ ಇಟ್ಟು ಗೇಟಿಗೆ ಹೋಗಿ ಹೇಳಿದರು: "ಕುಡೀಬೋದಂತೆ. ಕಾರ್ಯದರ್ಶಿಗಳೇ ಹೇಳಿದ್ರು."

ಗೇಟಿನ ಬಳಿ ಇದ್ದವರಲ್ಲಿ ಹಿಟ್ಟಿನ ಗಿರಣಿಯವನೂ ಒಬ್ಬ. ನಂಜನಗೂಡಿನ ಕಡೆಯ ಹಳ್ಳಿಯ ಬೇಸಾಯದ ಮನೆತನ. ಅಲ್ಲಿನ ಪಾಲು ಅಣ್ಣನಿಗೆ ಬಿಟ್ಟು ನಮ್ಮ ಬೀದಿಯ ಮೂಲೆಯಲ್ಲಿ ಗಿರಣಿ ಹಾಕಿದ್ದ. ಹೆಂಡತಿಗೆ ಆಗ ಏಳನೇ ತಿಂಗಳು. "ಕುಡೀಬೋದಾ ಅಕ್ಕ? ನಮ್ಮೋಳು ಬಸುರಿ," ಎಂದು ಅವನು ಬೇರೆಯಾಗಿ ಇನ್ನೊಂದು ಸಲ ಕೇಳಿದ. "ಕುಡೀಲಿ ಬಿಡಿ, ಏನೂ ಆಗಲ್ಲ," ಎಂದರು ಇವರು.

ಕೆಲವು ವಾರಗಳಲ್ಲಿ ಬೀದಿಯ ಮನೆಮನೆಗೂ ಕಾಮಾಲೆ ಬಂತು. ನಮ್ಮ ಮನೆಯವರೂ ಒಂದು ತಿಂಗಳು ಮಲಗಿದರು. ನಾವೆಲ್ಲ ಗಂಜಿ ಕುಡಿದುಕೊಂಡು ಎದ್ದು ಕೂತೆವು. ಗಿರಣಿಯವನ ಹೆಂಡತಿಯನ್ನು ಮಾತ್ರ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಯಿತು. ಬಸುರಿಯರಿಗೆ ಈ ಕಾಮಾಲೆ ಬಹಳ ಕೆಟ್ಟದ್ದು ಎಂದು ಅಲ್ಲಿನವರು ಹೇಳಿದರಂತೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಆ ಸುದ್ದಿ ಬಂದ ದಿನ ಇವರು ಕೆಲಸಕ್ಕೆ ಹೋಗಲಿಲ್ಲ. ನನ್ನನ್ನು ಕರೆದುಕೊಂಡು ಕಾರ್ಯದರ್ಶಿಯ ಮನೆಗೆ ನಡೆದರು. ಫೋನ್ ಮಾಡಿ ಹೋಗೋಣವೇ ಎಂದೆ. "ಫೋನ್ ಮಾಡಿದ್ದೇ ಸಾಕು," ಅಂದರು.

"ನೀರಿನ ಪರೀಕ್ಷೆ ಮಾಡಿದ್ದು ಯಾರು ಸಾರ್?"

"ಮಾಡಿಸಿದೀವಿ ಅಂತ ಅಧ್ಯಕ್ಷರು ಹೇಳಿದ್ರಮ್ಮ."

ಅಧ್ಯಕ್ಷರ ಮನೆಗೆ ಹೋದೆವು. ಪೈಪಿನ ಕಂಟ್ರಾಕ್ಟರ್ ಹೇಳಿದ ಎಂದರು. ಕಂಟ್ರಾಕ್ಟರನನ್ನು ಹುಡುಕಿ ಹಿಡಿದರೆ ಅವನು ನಕ್ಕುಬಿಟ್ಟ. "ನಾನೆಲ್ಲಿ ಪರೀಕ್ಷೆ ಮಾಡ್ಸಲಿ ಮೇಡಮ್? ಕಾರ್ಯದರ್ಶಿಗಳೇ ನೀರು ಸರಿಯಾಗಿದೆ ಅಂತಿದ್ರು. ನಾನೂ ಹೂಂ ಅಂದೆ."

ಇವರು ಅಲ್ಲೇ ಮರಳಿನ ರಾಶಿಯ ಮೇಲೆ ಕೂತುಬಿಟ್ಟರು. ಆಮೇಲೆ ಅಂದರು: "ಟೀಚರೇ, ಬೀದೀಲಿ ಓಡಾಡಿದ್ರೆ ಅದನ್ನ ಗಾಳಿಸುದ್ದಿ ಅಂತೀವಿ. ಇದೂ ಗಾಳಿಸುದ್ದೀನೇ ಕಣ್ರೀ. ಕುರ್ಚಿ ಮೇಲೆ ಕೂತಿತ್ತು, ಅಷ್ಟೆ. ನಿಮ್ಮನ್ನೆಲ್ಲ ನೋಡಿದ್ರಾ ಕೇಳಿದ್ರಾ ಅಂತ ಗೋಳು ಹೊಯ್ಕೋತಿದ್ದೆ. ಅವರನ್ನ ಕೇಳಲಿಲ್ಲ. ದೊಡ್ಡೋರನ್ನ ಹೇಗೆ ಕೇಳೋದು ಅಂದ್ಕೊಂಡುಬುಟ್ಟೆ."

ಇನ್ನೂ ಒಂದು ಮಾತು ಹೇಳಿದರು. ಆಪರೇಟರ್ ಕೆಲಸ ಮಾತು ಸರಿಯಾಗಿ ತಲುಪಿತೋ ಇಲ್ಲವೋ ನೋಡುವುದು. ಮಾತೇ ಸರಿಯೋ ಅಲ್ಲವೋ ನೋಡುವುದಲ್ಲ. ಅಷ್ಟು ವರ್ಷ ಅದೇ ಅಭ್ಯಾಸ. ಕಾರ್ಯದರ್ಶಿ ಹೇಳಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿ, ಅವರಿಂದ ಸರಿ ಅನ್ನಿಸಿಕೊಂಡ ಕೂಡಲೇ ನನ್ನ ಕೆಲಸ ಮುಗಿಯಿತು ಎಂದುಕೊಂಡೆ ಎಂದರು.

ವಾಪಸು ಬರುವಾಗ ಮತ್ತೆ ಕಾರ್ಯದರ್ಶಿಯ ಗೇಟಿನಲ್ಲಿ ನಿಂತರು. ಪರೀಕ್ಷೆಯೇ ಆಗಿಲ್ಲವಲ್ಲ, ಗೊತ್ತಿಲ್ಲ ಅನ್ನಬಹುದಿತ್ತಲ್ಲ ಎಂದು ಕೇಳಿದರು. ಆ ಮನುಷ್ಯ ಕೆಟ್ಟವರಲ್ಲ. ಮುಖ ಸಣ್ಣದಾಗಿತ್ತು. "ಗೊತ್ತಿಲ್ಲ ಅಂದ್ರೆ ಜನ ಗಾಬರಿಯಾಗಲ್ವೇನಮ್ಮ?" ಎಂದರು.

"ಗಾಬರಿಯಾಗಿದ್ರೆ ನೀರು ಕಾಯಿಸ್ಕೊಂಡು ಕುಡೀತಿದ್ರು ಸಾರ್," ಎಂದರು ಇವರು. ಧ್ವನಿ ಏರಿಸಲಿಲ್ಲ.

ಆಮೇಲೆ ಅಗೆದು ನೋಡಿದಾಗ ಗಿರಣಿಯ ಮೂಲೆಯಲ್ಲಿ ನೀರಿನ ಪೈಪೂ ಚರಂಡಿಯ ಪೈಪೂ ಒಂದೇ ಗುಂಡಿಯಲ್ಲಿ ಒಡೆದುಕೊಂಡು ಕೂತಿದ್ದವು. ಬೀದಿಯ ಹತ್ತು ಸುಳ್ಳಿನಲ್ಲಿ ಒಂದು ನಿಜವೂ ಇತ್ತು. ಅದನ್ನು ಹೇಳಿದವರಿಗೂ ಅದು ನಿಜವೆಂದು ಗೊತ್ತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನಾನು ಯೋಚಿಸುತ್ತೇನೆ. ಅಧಿಕಾರದಲ್ಲಿ ಇರುವವರು ಬೇಕೆಂದೇ ಸುಳ್ಳು ಹೇಳುತ್ತಾರೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ಹೆಚ್ಚಿನವರಿಗೆ ಗೊತ್ತಿಲ್ಲ ಎನ್ನಲು ನಾಚಿಕೆ. ನಮಗೂ ಅವರ ಬಾಯಿಂದ ಆ ಮಾತು ಕೇಳಲು ಇಷ್ಟವಿಲ್ಲ. ಧೈರ್ಯವಾಗಿ ಏನಾದರೂ ಹೇಳಲಿ, ನಾವು ನಿಶ್ಚಿಂತೆಯಾಗಿ ಮಲಗುತ್ತೇವೆ ಅನ್ನುವವರು ನಾವು.

ಕಾರ್ಯದರ್ಶಿಯ ಮನೆಗೆ ಹೋಗಿಬಂದ ಮಾರನೆಯ ದಿನದಿಂದ ಅಕ್ಕ ಮನೆಮನೆಗೆ ಹೋದರು. ಗೇಟು ತೆಗೆಯದೆ, ಹೊರಗೇ ನಿಂತು, "ನೀರಿನ ವಿಷಯ ನಾನು ಹೇಳಿದ್ದು ತಪ್ಪು," ಎನ್ನುವರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಹೆಚ್ಚಿನವರು, "ನೀವೇನ್ ಮಾಡ್ತೀರಿ ಬಿಡಿ ಅಕ್ಕ, ಅವರು ಹೇಳಿದ್ದನ್ನ ನೀವು ಹೇಳಿದ್ರಿ," ಎಂದರು. ಅಂಥ ಸಮಾಧಾನ ಅವರಿಗೆ ಬೇಕಿರಲಿಲ್ಲ.

ಕೊನೆಗೆ ಗಿರಣಿಗೆ ಹೋದರು. ಬೇಡವೆಂದರೂ ಕೇಳಲಿಲ್ಲ. ನಾನೂ ಜೊತೆಗಿದ್ದೆ. ರಾಗಿ ಬೀಸುತ್ತಿತ್ತು. ಬೆಲ್ಟು ನಿಲ್ಲುವವರೆಗೂ ಇವರು ಬಾಗಿಲಲ್ಲಿ ಕಾದರು. ನಿಂತ ಮೇಲೆ ಅದೇ ಮಾತು ಹೇಳಿದರು. ಗಿರಣಿಯವನು ರೆಪ್ಪೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ನಿಂತಿದ್ದ.

"ಅವ್ಳು ಕಾಯ್ಸಕ್ಕೇ ಓಗಿದ್ಲು ಅಕ್ಕ. ನಾನೇ ಬ್ಯಾಡ ಅಂದೆ. ಅಕ್ಕ ಯೋಳವ್ರೆ ಅಂದೆ."

ಅಷ್ಟು ಹೇಳಿ ಮತ್ತೆ ಮೋಟಾರ್ ಹಾಕಿದ. ಆಮೇಲೆ ಹತ್ತಾರು ವರ್ಷ ಅವನು ಅವರೊಂದಿಗೆ ಮಾತಾಡಲಿಲ್ಲ.

ಅವನು ಕೂಗಾಡಲಿಲ್ಲ, ಬೈದು ಅಡ್ಡಾಡಲಿಲ್ಲ. ಅವರು ಹಿಟ್ಟಿನ ಡಬ್ಬ ತಂದಿಟ್ಟರೆ ತೆಗೆದುಕೊಳ್ಳುತ್ತಿದ್ದ, ಎಲ್ಲರಿಗಿಂತ ನಯವಾಗಿ ಬೀಸಿ ಕೊಡುತ್ತಿದ್ದ. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹಿಂದಿನ ಬೀದಿಯಲ್ಲಿ ಇನ್ನೊಂದು ಗಿರಣಿ ಬಂತು. ಅಲ್ಲಿಗೆ ಹೋಗಬಾರದೇ ಎಂದು ನಾನೇ ಎಷ್ಟೋ ಸಲ ಹೇಳಿದೆ. ಆಗ ಅವರು ತಮ್ಮ ಕೆಲಸದ ಭಾಷೆಯಲ್ಲೇ ಉತ್ತರ ಕೊಟ್ಟರು. "ಲೈನೇ ಇಲ್ಲದೇ ಇರೋದು ಬೇರೆ, ಎಂಗೇಜ್ ಇರೋದು ಬೇರೆ, ರಿಂಗ್ ಆಗ್ತಿದ್ರೂ ಎತ್ತದೇ ಇರೋದು ಬೇರೆ ಕಣ್ರೀ. ಇದು ರಿಂಗ್ ಆಗ್ತಾ ಇದೆ. ನಾನು ಇಡಬಾರದು."

ಅಂದಿನಿಂದ ಅವರ ಬಾಯಲ್ಲಿ ಹೊಸ ಮಾತೊಂದು ಸೇರಿಕೊಂಡಿತು: "ಗೊತ್ತಿಲ್ಲ." ಬಂದ್ ಇದೆಯಾ ಅಕ್ಕ ಎಂದರೆ, "ಇದೆ ಅಂತ ಪೇಪರಿನೋರು ಹೇಳ್ತಾರೆ. ಬಸ್ ಓಡತ್ತೋ ಇಲ್ವೋ ಗೊತ್ತಿಲ್ಲ." ಯಾರಿಂದ ಕೇಳಿದ್ದು, ಯಾರನ್ನು ಕೇಳಲು ಆಗಲಿಲ್ಲ, ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಮುಂದೆ ಗೊತ್ತಿಲ್ಲ, ಹೀಗೆ ಗೆರೆ ಎಳೆದಂತೆ ಹೇಳುವರು. ಜನಕ್ಕೆ ಬೇಸರವಾಯಿತು. ಅಕ್ಕನ ಎನ್‌ಕ್ವೈರಿ ಕೆಟ್ಟುಹೋಗಿದೆ ಎಂದು ನಕ್ಕರು. ಅಷ್ಟರಲ್ಲಿ ಮನೆಮನೆಗೂ ಫೋನು ಬಂತು, ಟೀವಿಯಲ್ಲಿ ದಿನವಿಡೀ ಸುದ್ದಿ ಬರತೊಡಗಿತು, ಅವರ ಗೇಟಿನ ಮುಂದೆ ನಿಲ್ಲುವವರೇ ಇಲ್ಲವಾದರು. ಟ್ರಂಕ್ ಕಾಲುಗಳ ಕಾಲವೂ ಮುಗಿದಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತರು. ಒಮ್ಮೆ ಸಂಜೆ ಗೇಟಿನ ಸರಳು ಹಿಡಿದುಕೊಂಡು, "ಯಾರೂ ಏನೂ ಕೇಳೋದೇ ಇಲ್ಲ ನೋಡಿ ಟೀಚರೇ," ಎಂದರು. ನಗುತ್ತಲೇ ಅಂದರು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಎಲ್ಲರ ಕೈಯಲ್ಲೂ ಮೊಬೈಲು. ಗಿರಣಿಯವನ ಹೆಂಡತಿ ಎಷ್ಟೋ ಹರಕೆ, ಎಷ್ಟೋ ಆಸ್ಪತ್ರೆ ಆದ ಮೇಲೆ ಒಂದು ಹೆಣ್ಣುಮಗು ಹೆತ್ತಿದ್ದಳು. ಬಾಣಂತನ ತವರಿನಲ್ಲಿ. ಮಗುವನ್ನು ಕರೆದುಕೊಂಡು ಬಂದು ಕೆಲವೇ ತಿಂಗಳಾಗಿತ್ತು. ಗಿರಣಿಯ ಹಿಂದಿನ ಕೋಣೆಯಲ್ಲಿ ತೊಟ್ಟಿಲು ತೂಗುತ್ತಿತ್ತು.

ಆ ಭಾನುವಾರ ಪೋಲಿಯೊ ಹನಿ ಹಾಕುವ ದಿನ. ನಮ್ಮ ಶಾಲೆಯಲ್ಲೇ ಬೂತ್, ಟೀಚರುಗಳಿಗೂ ಡ್ಯೂಟಿ. ಶನಿವಾರ ಮಧ್ಯಾಹ್ನದಿಂದಲೇ ಎಲ್ಲರ ಮೊಬೈಲಿಗೆ ಒಂದು ಮೆಸೇಜು ಬರತೊಡಗಿತು. ಈ ಸಲದ ಹನಿ ಕೆಟ್ಟುಹೋಗಿದೆ, ಮೈಸೂರಿನ ಇಂಥ ಆಸ್ಪತ್ರೆಯಲ್ಲಿ ಮೊದಲೇ ಹಾಕಿಸಿಕೊಂಡ ಮಕ್ಕಳು ಸತ್ತಿವೆ, ಯಾರೂ ಹಾಕಿಸಬೇಡಿ, ಹೆತ್ತ ಕರುಳಿದ್ದರೆ ಹತ್ತು ಜನಕ್ಕೆ ಕಳಿಸಿ. ಟೀವಿಯಲ್ಲಿ ಅಧಿಕಾರಿಯೊಬ್ಬರು ಬಂದು ವದಂತಿಗೆ ಕಿವಿಗೊಡಬೇಡಿ, ಹನಿ ಸಂಪೂರ್ಣ ಸುರಕ್ಷಿತ ಎಂದರು. ಅವರು ನಿಜವನ್ನೇ ಹೇಳುತ್ತಿದ್ದರು. ಆದರೆ ಆ ತೂಕದ ಧ್ವನಿ ಕೇಳಿದಾಗ ನಮ್ಮ ಬೀದಿಯವರಿಗೆಲ್ಲ ಕಾರ್ಯದರ್ಶಿಯ ಧ್ವನಿ ನೆನಪಾಯಿತು.

ಸಂಜೆ ನಾನು ಅಕ್ಕನ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಗೇಟಿನ ಬಳಿ ಯಾರೋ ಬಂದು ನಿಂತರು. "ಅಕ್ಕ" ಎಂದರು. ಗಿರಣಿಯವನ ಧ್ವನಿ. ಇವರ ಕೈಯಲ್ಲಿದ್ದ ಲೋಟ ತುಳುಕಿ ಸೀರೆಯ ಮೇಲೆಲ್ಲ ಕಾಫಿಯಾಯಿತು.

"ಈ ಮೆಸೇಜ್ ಬಂದದೆ," ಎಂದು ಅವನು ಮೊಬೈಲ್ ಚಾಚಿದ. "ಟೀವೀನೋರು ಸುಳ್ಳು ಅಂತವ್ರೆ. ನಮ್ಮೋಳು ಮದ್ಯಾನದಿಂದ ಒಂದೇ ಸಮ ಅಳ್ತಾ ಕುಂತವ್ಳೆ. ನಾಳಿಕ್ ಮಗೀಗೆ ಅನಿ ಆಕ್ಸದಾ, ಬ್ಯಾಡ್ವಾ?"

ಇವರು ಮೊಬೈಲ್ ತೆಗೆದುಕೊಂಡು ಮೆಸೇಜನ್ನು ಎರಡು ಸಲ ಓದಿದರು. ನನ್ನ ನಾಲಿಗೆ ತುದಿಯಲ್ಲಿ ಉತ್ತರ ಇತ್ತು. ಹಾಕಿಸಪ್ಪ, ಏನೂ ಆಗಲ್ಲ ಎಂದು ಟೀಚರ್ ಗತ್ತಿನಲ್ಲಿ ಹೇಳಿಯೇಬಿಡುತ್ತಿದ್ದೆ. ಇವರು ಕೈ ಎತ್ತಿ ನನ್ನನ್ನು ತಡೆದರು.

"ಗೊತ್ತಿಲ್ಲಪ್ಪ. ವಿಚಾರಿಸಿ ಹೇಳ್ತೀನಿ. ಇದನ್ನ ನಿಂಗೆ ಕಳಿಸಿದ್ದು ಯಾರು?"

"ನಮ್ ಷಡ್ಕ."

"ಅವರ ನಂಬರ್ ಹೇಳು."

ಆ ಸಂಜೆ ನಾನು ಅವರ ಕೆಲಸವನ್ನು ಕಣ್ಣಾರೆ ಕಂಡೆ. ಷಡ್ಕನಿಗೆ ಫೋನ್ ಮಾಡಿದರು. ಅವನಿಗೆ ಕಳಿಸಿದವರ ನಂಬರ್ ತೆಗೆದುಕೊಂಡರು. ಅವರಿಗೆ ಮಾಡಿದರು. ಅಲ್ಲಿಂದ ಇನ್ನೊಬ್ಬರು, ಅಲ್ಲಿಂದ ಮತ್ತೊಬ್ಬರು. ಕೆ.ಆರ್. ನಗರ, ಹುಣಸೂರು, ಮತ್ತೆ ಮೈಸೂರು. ಕೆಲವರು ಬೈದರು, ಕೆಲವರು ನೀವ್ಯಾರು ಕೇಳಕ್ಕೆ ಎಂದರು. "ನಾನು ಯಾರೂ ಅಲ್ಲಪ್ಪ. ಒಂದು ಮಗು ಇದೆ, ಅದಕ್ಕೇ ಕೇಳ್ತಿದೀನಿ," ಎನ್ನುವರು. ಎಲ್ಲರಿಗೂ ಅದೇ ಪ್ರಶ್ನೆ, ನೋಡಿದ್ರಾ, ಕೇಳಿದ್ರಾ? ನೋಡಿದವರು ಯಾರೂ ಸಿಗಲಿಲ್ಲ. ಕೊನೆಗೊಂದು ನಂಬರ್ ಸ್ವಿಚ್ ಆಫ್. "ಇಲ್ಲಿಂದ ಮುಂದೆ ಲೈನ್ ಇಲ್ಲ," ಎಂದು ಮೊಬೈಲ್ ಕೆಳಗಿಟ್ಟರು.

ಹಾಗಾದರೆ ಸುಳ್ಳೆಂದು ಗೊತ್ತಾಯಿತಲ್ಲ, ಹೇಳಿಬಿಡಿ ಎಂದೆ. ನನಗೆ ತಾಳ್ಮೆ ಕಡಿಮೆ.

"ಯಾರೂ ನೋಡಿಲ್ಲ ಅಂತ ಗೊತ್ತಾಯ್ತು. ಸುಳ್ಳು ಅಂತ ಗೊತ್ತಾಗಲಿಲ್ಲ. ಚರಂಡಿ ನೀರನ್ನೂ ಯಾರೂ ನೋಡಿರಲಿಲ್ಲ ಅಲ್ವಾ?" ಎಂದರು.

ಭಾನುವಾರ ಬೂತಿನಲ್ಲಿ ನೊಣ ಹೊಡೆಯುತ್ತ ಕೂತೆವು. ಐಸ್ ಡಬ್ಬಿಯಲ್ಲಿ ಹನಿಯ ಸೀಸೆಗಳು, ಟೇಬಲ್ಲಿನ ಮೇಲೆ ಬೆರಳಿಗೆ ಗುರುತು ಹಾಕುವ ಶಾಯಿ, ಮುಂದೆ ಖಾಲಿ ಬೆಂಚು. ಯಾವಾಗಲೂ ಸಂತೆಯ ಹಾಗೆ ಇರುತ್ತಿದ್ದ ಜಾಗಕ್ಕೆ ಒಬ್ಬಿಬ್ಬರು ಬಂದು, ದೂರದಿಂದಲೇ ನೋಡಿ ಹೊರಟುಹೋಗುತ್ತಿದ್ದರು. ಗಿರಣಿಯವನೂ ಹೆಂಡತಿಯೂ ಮಗುವನ್ನು ಎತ್ತಿಕೊಂಡು ಗೇಟಿನ ಆಚೆ ಹೊಂಗೆ ಮರದ ಕೆಳಗೆ ನಿಂತಿದ್ದರು. ಒಳಗೂ ಬಾರರು, ಮನೆಗೂ ಹೋಗರು.

ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು. ಇವರು ಇಳಿದರು. ಮುಖ ಬೆವರಿ ವಿಭೂತಿ ಕರಗಿತ್ತು. ನಾನು ಬೂತ್ ಬಿಟ್ಟು ಓಡಿದೆ.

"ಕೇಳಪ್ಪ," ಎಂದು ಗಿರಣಿಯವನಿಗೆ ಹೇಳತೊಡಗಿದರು. "ಮೆಸೇಜಿನಲ್ಲಿ ಹೇಳಿರೋ ಆಸ್ಪತ್ರೆಗೇ ಹೋಗಿದ್ದೆ. ಫೋನ್ ಮಾಡಿಲ್ಲ, ಹೋಗಿದ್ದೆ. ಮಕ್ಕಳ ವಾರ್ಡಿನಲ್ಲಿ ನಿಂತು ಬಂದೆ. ಅಂಥ ಮಕ್ಕಳು ಬಂದಿಲ್ಲ ಅಂತ ಅಲ್ಲಿನ ನರ್ಸೂ ಹೇಳಿದ್ರು, ಆಯಾನೂ ಹೇಳಿದ್ಲು, ಮಕ್ಕಳನ್ನ ಇಟ್ಕೊಂಡು ಕೂತಿದ್ದ ತಾಯಂದಿರೂ ಹೇಳಿದ್ರು. ಇದು ಕೇಳಿದ್ದು. ಅಲ್ಲಿ ಬೂತಿನಲ್ಲಿ ಬೆಳಿಗ್ಗೆ ಆ ನರ್ಸು ತನ್ನ ಮೊಮ್ಮಗೂಗೆ ಇದೇ ಹನಿ ಹಾಕಿಸಿದ್ರು. ನಾನು ಎರಡು ಗಂಟೆ ಅಲ್ಲೇ ಕೂತಿದ್ದೆ. ಮಗು ಆಡ್ತಿತ್ತು. ಇದು ನೋಡಿದ್ದು. ನಾಳೆ ಏನು, ನಾಡಿದ್ದು ಏನು, ನಂಗೆ ಗೊತ್ತಿಲ್ಲ. ನನ್ನ ಮಗು ಆಗಿದ್ರೆ ಹಾಕಿಸ್ತಿದ್ದೆ. ಆದ್ರೆ ಮಗು ನಿಮ್ಮದು."

ಗಿರಣಿಯವನು ನೆಲ ನೋಡುತ್ತ ನಿಂತ. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಅವನ ಹೆಂಡತಿ ಮುಂದೆ ಬಂದಳು. ಆ ಬೇಸಿಗೆಯ ನಂತರ ಅವಳು ಇವರ ಮುಖ ಕಂಡರೆ ಒಳಗೆ ಹೋಗಿಬಿಡುತ್ತಿದ್ದಳು. ಈಗ ಸೆರಗಿನಿಂದ ಮಗುವಿನ ಬಾಯಿ ಒರೆಸಿ, ಮಗುವನ್ನೇ ಇವರ ಕೈಗೆ ಚಾಚಿದಳು.

"ನೀವೇ ಎತ್ಕಳಿ ಅಕ್ಕ. ನಿಮ್ ತೊಡೆ ಮ್ಯಾಲೇ ಆಕ್ಸುಬುಡಿ."

ಇವರು ಮಗುವನ್ನು ಇಸಿದುಕೊಂಡರು. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಒಂದೇ ಹೊತ್ತಿಗೆ ಹತ್ತು ಲೈನು ಸಂಭಾಳಿಸುತ್ತಿದ್ದ ಕೈಗಳು ಈಗ ಆ ಒಂದು ಮಗುವನ್ನು ಅವುಚಿ ಹಿಡಿದಿದ್ದವು. ಬೆಂಚಿನ ಮೇಲೆ ಕೂತರು. ನರ್ಸ್ ಮಗುವಿನ ಕೆನ್ನೆ ಹಿಡಿದು ಎರಡು ಹನಿ ಬಿಟ್ಟರು. ಮಗು ಮುಖ ಕಿವುಚಿತು, ಅಳಲಿಲ್ಲ. ಕಿರುಬೆರಳಿಗೆ ಶಾಯಿ ಹಚ್ಚಿದರು. "ಆಯ್ತಮ್ಮ, ಕರ್ಕೊಂಡು ಹೋಗಿ," ಎಂದರು.

ಇವರು ಏಳಲಿಲ್ಲ. "ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ. ನೋಡ್ಕೊಂಡೇ ಹೋಗೋಣ," ಎಂದರು.

ಗಂಡ ಹೆಂಡತಿ ಅವರ ಎರಡೂ ಪಕ್ಕದಲ್ಲಿ ಕೂತರು. ಗೇಟಿನ ಹೊರಗೆ ನಿಂತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಮಕ್ಕಳನ್ನು ಎತ್ತಿಕೊಂಡು ಒಳಗೆ ಬರತೊಡಗಿದರು. ನಮಗೆ ಕೈ ಬಿಡುವಿಲ್ಲದಷ್ಟು ಕೆಲಸವಾಯಿತು. ನಾನು ನಡುನಡುವೆ ತಿರುಗಿ ನೋಡುತ್ತಿದ್ದೆ. ಮಗು ತೊಡೆಯ ಮೇಲೆ ಆಡಿತು, ಹಾಲಿಗೆ ಅತ್ತಿತು, ತಾಯಿಯ ಹತ್ತಿರ ಹಾಲು ಕುಡಿದು ಮತ್ತೆ ಇವರ ತೊಡೆಗೇ ಬಂತು, ಅಲ್ಲೇ ನಿದ್ದೆ ಹೋಯಿತು. ಸಂಜೆ ನಾವು ಟೇಬಲ್ಲು ಎತ್ತಿಟ್ಟು ಬೀಗ ಹುಡುಕುವಾಗಲೂ ಮೂವರೂ ಅದರ ಮುಖವನ್ನೇ ನೋಡುತ್ತ ಕೂತಿದ್ದರು.

ಗಿರಣಿಯವನು ಮೊದಲು ಎದ್ದ. ಅವರ ತೊಡೆಯಿಂದ ಮಗುವನ್ನು ಮೆಲ್ಲಗೆ ಎತ್ತಿ ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯನ್ನು ಅವರ ಕಡೆಗೆ ಚಾಚಿದ.

"ಏಳಿ ಅಕ್ಕ. ಬೆಳಗಿಂದ ಊಟ ಮಾಡಿಲ್ಲ ನೀವು. ನಮ್ ಮನೀಗ್ ಓಗವ."